ಮೂರನೇ ಪಾಳಿ

ಎರಡನೇ ಘಟಕ, ಐದು ಅಂಕದ ಪ್ರಶ್ನೆ:
ಆರಂಭಕಾಲದ ಅಮೆರಿಕನ್ ಸಣ್ಣಕಥೆಯಲ್ಲಿ
ಇತಿಹಾಸ ಮತ್ತು ಭೀತಿ.
ಹಿಂದಿನ ಬೆಂಚಿಗೆ ಭೀತಿಯೆಂದರೆ ಇಂಟರ್ನಲ್ಸ್.
ಕಿಟಕಿಯಾಚೆ ಮಂಡಕ್ಕಿ ಭಟ್ಟಿಗಳ ಹೊಗೆ,
ಕಪ್ಪು ಹಲಗೆಯ ಮೇಲೆ ಇನ್ನೊಂದು ಪದರ ಕಪ್ಪು.

ಹೇಳಿದೆ: ಅವರದು ಆಗಿನ್ನೂ ಹೊಸ ದೇಶ.
ಪಾಳು ಕೋಟೆಯಿಲ್ಲ, ಸುರಂಗವಿಲ್ಲ,
ಸರಪಳಿ ಎಳೆಯುತ್ತ ನಡೆವ ಸತ್ತ ರಾಜನಿಲ್ಲ.
ದೆವ್ವಕ್ಕೆ ಬಾಡಿಗೆಗೂ ಒಂದು ಮನೆ ಸಿಗದೆ
ಕಥೆಗಾರರು ಅದನ್ನು ಕಾಡಿಗೆ ಕರೆದೊಯ್ದರು,
ಆಮೇಲೆ ಚರ್ಚಿನ ಮುಂದಿನ ಸಾಲಿಗೆ,
ಕೊನೆಗೆ ಮನುಷ್ಯನ ಅಂಗಿಯೊಳಕ್ಕೆ.

ಪಠ್ಯಪುಸ್ತಕ ಇನ್ನೂ ಬಂದಿರಲಿಲ್ಲ.
ಉದಾಹರಣೆಗೆಂದು ನಾನೇ ಒಂದು ಕಥೆ ಕಟ್ಟಿದೆ:
ಮುದುಕಿಯೊಬ್ಬಳನ್ನು ಮಾಟಗಾತಿಯೆಂದು
ನೇಣಿಗೆ ಹಾಕಿಸಿದ ನ್ಯಾಯಾಧೀಶ.
ಅವನ ಮೊಮ್ಮಗನಿಗೆ ಶುಕ್ರವಾರ ಮಾತ್ರ
ಕಾಲರಿನ ಗುಂಡಿ ಹಾಕಲಾಗದು,
ಕುತ್ತಿಗೆ ಸುತ್ತ ಹಗ್ಗದ ಬರೆ.
ವೈದ್ಯರು ಬಂದರು, ಮುಲಾಮು ಬಂತು,
ಹಗ್ಗ ಯಾರ ಮನೆಯದೆಂದು ಯಾರೂ ಕೇಳಲಿಲ್ಲ.

ಗಂಟೆ ಹೊಡೆದ ಮೇಲೆ ಹಾಲಮ್ಮ ಉಳಿದಳು,
ಡಸ್ಟರ್ ಹಿಡಿದು, ಒರೆಸದೆ.
"ನಮ್ಮಜ್ಜ ಮಿಲ್ಲಲ್ಲಿ ಟೈಮ್‌ಕೀಪರ್ ಇದ್ದ ಮೇಡಂ.
ಈಗ್ಲೂ ರಾತ್ರಿ ಹತ್ತಕ್ಕೆ ಏಳ್ತಾನೆ,
ಮುಖ ತೊಳ್ಕಂಡು ಟೋಪಿ ಹಾಕ್ಕಂತಾನೆ,
ಕೂಗು ಆಯ್ತು ಅಂತಾನೆ.
ಮಿಲ್ಲು ಮುಚ್ಚಿದ ಮೇಲೆ ಹುಟ್ಟಿದೋಳು ನಾನು,
ನಂಗೆ ಯಾವ ಕೂಗೂ ಗೊತ್ತಿಲ್ಲ."

ಪಡಸಾಲೆಯಲ್ಲಿ ನಿಂತು ಹಾಜರಿ ಕರೆಯುತ್ತಾನಂತೆ
ತಿಪ್ಪೇರುದ್ರಪ್ಪ: ಸ್ಪಿನ್ನಿಂಗ್ ಖಾತೆ, ರೀಲಿಂಗ್ ಖಾತೆ,
ಕಾರ್ಡಿಂಗ್ ಖಾತೆಗೆ ಬಂದಾಗ ದನಿ ಇಳಿಯುತ್ತದೆ.
ಬಿಲ್ಲೆ ನಂಬರು ನಾನೂರ ಹದಿನೇಳು.
ತಡೆಯುತ್ತಾನೆ. ಆಮೇಲೆ ತಾನೇ,
ಇನ್ಯಾರದೋ ಗಂಟಲಿನಲ್ಲಿ,
"ಇದೀನಿ ಸ್ವಾಮಿ."

ನಾನೂರ ಹದಿನೇಳು ಎಂದರೆ ದಾದಾಪೀರ.
ಒಂದು ಆಷಾಢದ ಮೂರನೇ ಪಾಳಿಯಲ್ಲಿ
ಯಂತ್ರ ಮೊದಲು ತೋಳು ಕೇಳಿತು,
ಆಮೇಲೆ ಉಳಿದದ್ದು.
ಬೆಳಕು ಹರಿಯುವ ಮುಂಚೆ
ಹೆಣ ರೈಲು ಹಳಿಯ ಪಕ್ಕಕ್ಕೆ ಹೋಯಿತು,
ರಿಜಿಸ್ಟರು ಮ್ಯಾನೇಜರನ ಮೇಜಿಗೆ ಬಂತು.
ನೀಲಿ ಶಾಯಿ, ದುಂಡಗಿನ ಅಕ್ಷರ, ಒಂದೇ ಪದ: ಗೈರು.
ಕೆಲಸಕ್ಕೇ ಬಾರದವನು
ಕೆಲಸದಲ್ಲಿ ಸಾಯುವುದೆಲ್ಲಿ ಬಂತು?
ಅಜ್ಜನಿಗೆ ಆ ವರ್ಷ ಗೋಡೆ ಗಡಿಯಾರದ ಬಹುಮಾನ.
ಈಗಲೂ ಹೊಡೆಯುತ್ತದೆ, ಹತ್ತು ನಿಮಿಷ ತಡವಾಗಿ.

ಹಾಲಮ್ಮ ಪರೀಕ್ಷೆಯಲ್ಲಿ ಇದನ್ನೇ ಬರೆದಳು
ಮುರುಕು ಇಂಗ್ಲಿಷಿನಲ್ಲಿ,
ಗೈರು ಎಂಬುದೊಂದನ್ನು ಕನ್ನಡದಲ್ಲೇ ಬಿಟ್ಟು.
ನಾನು ಅಂಚಿನಲ್ಲಿ ಕೆಂಪು ಪೆನ್ನಿನಿಂದ
"ಪಠ್ಯದಿಂದ ಉದಾಹರಣೆ ಇಲ್ಲ" ಎಂದು ಗೀಚಿ
ಎರಡೂವರೆ ಕೊಟ್ಟೆ.
ಅತಿಥಿ ಉಪನ್ಯಾಸಕಿ ನಾನು,
ಕೀ ಉತ್ತರ ಮೀರುವ ಧೈರ್ಯ ಸಂಬಳದಲ್ಲಿ ಸೇರಿಲ್ಲ.

ಇದನ್ನೂ ಹೇಳಿಬಿಡುತ್ತೇನೆ.
ಪಾಳಿ ಹೋದಲ್ಲಿ ಪಾಳು ಬಂದಿತ್ತು,
ಪಾಳು ಹೋದಲ್ಲಿ ಈಗ ಲೇಔಟು.
ಮೂವತ್ತು ನಲವತ್ತು, ಪೂರ್ವದ ಬಾಗಿಲು,
ಯುಗಾದಿಗೆ ನಾವೂ ಮುಂಗಡ ಕೊಟ್ಟಿದ್ದೇವೆ.
ನಕ್ಷೆಯಲ್ಲಿ ರಸ್ತೆಗಳಿಗೆಲ್ಲ ಹೂವಿನ ಹೆಸರು.
ಖಾತೆ ಆಗಿದೆಯಾ, ಖಾತೆ ಆಗಿದೆಯಾ
ಎಂದು ನೆಂಟರೆಲ್ಲ ಕೇಳುತ್ತಾರೆ.
ಯಾವ ಖಾತೆ ಎಂದು ನಾನು ಕೇಳಿಲ್ಲ.

ಭಾನುವಾರ ಪಾಯ ತೋಡಿದರು.
ಮೂರಡಿ ಕೆಳಗೆ ಗುದ್ದಲಿಗೆ ಹತ್ತಿ ಸುತ್ತಿ ಬಂತು,
ಒದ್ದೆ, ಮಣ್ಣುಬಣ್ಣ, ಒಂದು ಕಡೆ ಮಾತ್ರ ಬಿಳಿ.
ಆಳು ಕೊಡವಿ ಎಸೆದ.
ಎಳೆಯೊಂದು ಹಾರಿ ಬಂದು ಎಲ್ಲೋ ಅಂಟಿತು,
ಮನೆಗೆ ಬಂದು ಸೀರೆ ಕೊಡವಿದೆ, ಸಿಗಲಿಲ್ಲ.

ಸೋಮವಾರ ಮೊದಲ ಅವಧಿ, ಹಾಜರಿ.
ಹಾಲಮ್ಮ ಎಂದೆ.
ಅವಳ ಜಾಗ ಖಾಲಿ.
ಹಿಂದಿನ ಬೆಂಚಿನಿಂದ ಯಾರೋ ಗಂಟಲು ಬದಲಿಸಿ
"ಇದೀನಿ ಮೇಡಂ."
ತರಗತಿಯೆಲ್ಲ ಬೈಗುಳಕ್ಕೆ ಕಾಯಿತು.
ನಾನು ತಲೆಯೆತ್ತದೆ
ಹಾಜರು ಎಂದು ಬರೆದೆ.